ಗಾಣದ ಬೀದಿಯ ಕಾವಲು

ಚಾಲಕ ಟೆಂಪೊವನ್ನು ಬೈಪಾಸಿನ ಕಡೆ ತಿರುಗಿಸುತ್ತಿದ್ದಂತೆ ಕೆಂಚಕ್ಕ ಹಿಂದಿನಿಂದ ಕ್ಯಾಬಿನ್ನಿನ ತಗಡನ್ನು ಅಂಗೈಯಲ್ಲಿ ಬಡಿದಳು.

“ಈ ಕಡೆ ಬ್ಯಾಡಪ್ಪ. ಗಾಣದ ಬೀದಿ ಮ್ಯಾಲೆ ಹೋಗು.”

ಗಾಡಿ ರಸ್ತೆಯ ನಡುವೆಯೇ ನಿಂತಿತು. ಬಿಳಿ ಬಟ್ಟೆ ಹೊದಿಸಿದ ಅವಳ ಗಂಡ ಜಂಪಣ್ಣನ ದೇಹ ಒಂದು ಸಲ ಅಲುಗಿ ಸುಮ್ಮನಾಯಿತು. ಕಾಲಿನ ಕಡೆ ಕೂತಿದ್ದ ಸೂರಪ್ಪ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಅವನು ಜಂಪಣ್ಣನ ಜೊತೆ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊತ್ತವನು, ಈಗಲೂ ಅಲ್ಲೇ ಹೊರುವವನು.

“ಅತ್ಗೆ, ಅಲ್ಲಿ ಲೋಡಿಂಗ್ ಟೈಮು. ಲಾರಿ ಅಡ್ಡ ನಿಂತಿರ್ತವೆ. ಸಿಗಾಕ್ಕೊಂಡ್ರೆ ಮೊಳಕಾಲ್ಮೂರು ಮುಟ್ಟೋದು ಯಾವಾಗ?”

“ಸಿಗಾಕ್ಕಳ್ಳಿ. ಇಷ್ಟು ವರ್ಷ ಆ ಬೀದಿಗೆ ಕಾಲಿಡಲ್ಲ ಅಂದ ಈಯಪ್ಪ. ಈಗ ಕಾಲಿಡೋದೇನೈತೆ, ಮಲಿಕ್ಕಂಡೇ ಹೋಗ್ಲಿ.”

ಮಗಳು ಸರಿತಾ ತಾಯಿಯ ಮುಖ ನೋಡಿದಳು. ಅವಳು ಚಳ್ಳಕೆರೆ ಡಿಪೊದಲ್ಲಿ ಬಸ್ ಕಂಡಕ್ಟರ್. ಯಾರ ಜೊತೆ ವಾದ ಮಾಡಬೇಕು, ಯಾರ ಜೊತೆ ಮಾಡಬಾರದು ಅನ್ನುವುದು ಅವಳಿಗೆ ಗೊತ್ತಿತ್ತು. ಗಾಡಿಯ ಪಕ್ಕದ ಹಲಗೆಯನ್ನು ಎರಡು ಸಲ ತಟ್ಟಿ, “ಪ್ಯಾಟೆ ಒಳಗೇ ಹೋಗಣ್ಣ” ಅಂದಳು.

ಗಾಣದ ಬೀದಿಯಲ್ಲಿ ಈಗ ಗಾಣಗಳಿಲ್ಲ. ಶೇಂಗಾ ಹಿಂಡಿಯ ವಾಸನೆ ಮಾತ್ರ ಗೋಡೆಗೋಡೆಗೂ ಹಿಡಿದಿದೆ. ಟೆಂಪೊ ಒಳಬರುತ್ತಿದ್ದಂತೆ ಲಾರಿಯ ಹತ್ತಿರ ಮೂಟೆ ಹೊತ್ತಿದ್ದವರು ಮೂಟೆ ಇಳಿಸಿ ತಲೆಯ ಟವೆಲ್ ತೆಗೆದರು. ಚಪ್ಪಲಿ ಅಂಗಡಿಯ ದಾದಾಪೀರ್ ಎದ್ದು ಬಂದು ತನ್ನ ಷಟರನ್ನು ಅರ್ಧಕ್ಕೆ ಎಳೆದ. ಪಕ್ಕದ ಪಾತ್ರೆ ಅಂಗಡಿಯವನು ಅವನನ್ನು ನೋಡಿ ತಾನೂ ಎಳೆದ. ಉಳಿದವು ತೆರೆದೇ ಇದ್ದವು. ಎಳೆಯ ವಯಸ್ಸಿನ ಮಾಲೀಕರಿಗೆ ಹೋಗುತ್ತಿರುವುದು ಯಾರ ಹೆಣವೆಂದು ಗೊತ್ತಿರಲಿಲ್ಲ.

ಯಾರೋ ಫೋನು ಮಾಡಿದ್ದಿರಬೇಕು. ವರ್ತಕರ ಸಂಘದ ಮುಂದೆ ನಾಗರಾಜ ಸೆಟ್ಟರು ದಪ್ಪನೆಯ ಸುಗಂಧರಾಜದ ಹಾರ ಹಿಡಿಸಿಕೊಂಡು ನಿಂತಿದ್ದರು. ಮಿಲ್ಲಿನ ಮಾಲೀಕರು, ಸಂಘದ ಅಧ್ಯಕ್ಷರು. ಮಂಡಿನೋವಿನಿಂದ ಟೆಂಪೊ ಹತ್ತುವುದು ಕಷ್ಟವಾಯಿತು. ಸೂರಪ್ಪನೇ ಕೈಕೊಟ್ಟು ಹತ್ತಿಸಿಕೊಂಡ.

“ಜಂಪಣ್ಣ ಅಂದ್ರೆ ಈ ಬೀದಿಗೆ ಕೋಟೆ ಇದ್ದಂಗೆ ಇದ್ದ ಕಣಮ್ಮ,” ಎಂದರು ಸೆಟ್ಟರು ಹಾರ ಹಾಕುತ್ತ. “ಆ ದಿನಗಳಲ್ಲಿ ಅವನು ಇಲ್ದಿದ್ರೆ ಇಲ್ಲಿ ಒಂದು ಅಂಗಡಿ ಉಳೀತಿರ್ಲಿಲ್ಲ. ನಾನು ಎಲ್ಲಾ ಕಡೆ ಹೇಳ್ತಿರ್ತೀನಿ.”

“ಎಲ್ಲಾ ಕಡೆ ಹೇಳಿದ್ರಿ ಸೆಟ್ರೆ,” ಅಂದಳು ಕೆಂಚಕ್ಕ. ದನಿ ಏರಲಿಲ್ಲ. “ಕೋರ್ಟ್‌ನಾಗೆ ಒಂದೇ ಹೇಳ್ಲಿಲ್ಲ. ನಮ್ಮನೆಯೋರೂ ಅಲ್ಲಿ ಹೇಳ್ಬೇಕಂತ ಹೋದ್ರು, ಹೇಳ್ದೇನೇ ಬಂದ್ರು. ನೀವಾದ್ರೂ ಹೇಳ್ತೀರಾ? ಆ ಹುಡುಗ್ರನ್ನ ನಿಲ್ಸಿದ್ದು ನಾವು ಅಂತ. ಅಷ್ಟಂದ್ರೆ ಸಾಕು.”

ಸೆಟ್ಟರು ಸುತ್ತ ನೆರೆದವರನ್ನೊಮ್ಮೆ ನೋಡಿದರು.

“ಅದು ಈಗ ಆಡೋ ಮಾತಲ್ಲಮ್ಮ. ಕಾರ್ಯ ಎಲ್ಲ ಕಳೀಲಿ.”

“ಕಳೀಲಿ ಕಳೀಲಿ ಅಂತ ಇವ್ರಿಗೂ ಅಂತಿದ್ರಿ.”

ಸೆಟ್ಟರು ಜಂಪಣ್ಣನ ಕಾಲಿಗೆ ಕೈಮುಗಿದು ಇಳಿದರು. ಇಳಿದ ಮೇಲೆ ಟೆಂಪೊದ ಬದಿಗೆ ಬಂದು, “ಸೂರಪ್ಪ, ಮಣ್ಣು ಮುಗಿಸಿ ಸಾಯಂಕಾಲದೊಳಗೆ ಬಂದ್ಬಿಡು. ಬಳ್ಳಾರಿ ಲೋಡ್ ಐತೆ” ಎಂದರು.

ಸೂರಪ್ಪ ತಲೆಯಾಡಿಸಿದ. ಟೆಂಪೊ ಮುಂದಕ್ಕೆ ಹೋಯಿತು.

*

ಆ ಗಲಾಟೆ ಹೇಗೆ ಶುರುವಾಯಿತೆಂದು ಕೇಳಿದರೆ ಊರಿನಲ್ಲಿ ಇಬ್ಬರು ಒಂದೇ ಥರ ಹೇಳುವುದಿಲ್ಲ. ಬ್ಯಾನರ್ ಹರಿದಿತ್ತು ಅನ್ನುವವರಿದ್ದಾರೆ, ಬೈಕು ತಾಗಿತ್ತು ಅನ್ನುವವರಿದ್ದಾರೆ. ಎಂಟೊಂಬತ್ತು ವರ್ಷದ ಹಿಂದಿನ ಮಾತು. ಎರಡು ದಿನ ಕಳೆಯುವುದರೊಳಗೆ ಊರು ಎರಡು ಪಾಲಾಗಿ, ಒಂದು ಕಡೆಯವರು ಇನ್ನೊಂದು ಕಡೆಯವರ ಟೈರು ಅಂಗಡಿ ಸುಟ್ಟಿದ್ದರು. ಅವರು ಇವರ ಎರಡು ಲಾರಿ ಸುಟ್ಟಿದ್ದರು. ಬಸ್ಸುಗಳು ನಿಂತುಹೋದವು. ಇದ್ದ ಪೊಲೀಸರು ದೊಡ್ಡ ವೃತ್ತಗಳಿಗೇ ಸಾಲುತ್ತಿರಲಿಲ್ಲ. ಗಾಣದ ಬೀದಿಯಲ್ಲಿ ಎರಡೂ ಕಡೆಯವರ ಅಂಗಡಿಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಒಂದಕ್ಕೆ ಬೆಂಕಿ ಬಿದ್ದರೆ ಎಣ್ಣೆಯ ಆ ಬೀದಿಯಲ್ಲಿ ಯಾವುದೂ ಉಳಿಯುವಂತಿರಲಿಲ್ಲ.

ಸೆಟ್ಟರು ಜಂಪಣ್ಣನನ್ನು ಕರೆಸಿದರು. ಅವನು ಮಿಲ್ಲಿನ ಹಮಾಲಿಗಳ ಮೇಸ್ತ್ರಿ.

“ನೀನು ನಿಂತ್ರೆ ನಿನ್ನ ಹುಡುಗ್ರು ನಿಲ್ತಾರೆ,” ಎಂದರು.

ಕೂಲಿಯ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಜಂಪಣ್ಣ ಹುಡುಗರಿಗೆ ಹೇಳಿದ್ದು ಒಂದೇ: “ಮೂಟೆ ಎಳೆಯೋ ಕೊಕ್ಕೆ ಮನೇಗೆ ಇಟ್ಟು ಬರ್ರಿ. ಕೈಗೆ ಕೋಲು ಸಾಕು. ನಾವು ನಿಲ್ಲಾಕೆ ಹೋಗ್ತಿರಾದು, ಹೊಡೆದಾಡಾಕಲ್ಲ.”

ಬೀದಿಯ ಎರಡು ತುದಿಯಲ್ಲೂ ಎತ್ತಿನ ಗಾಡಿ ಅಡ್ಡ ನಿಲ್ಲಿಸಿ ಕಾವಲು ಕೂತರು. ಹಮಾಲಿಗಳಿದ್ದರು, ದಾದಾಪೀರನ ತಮ್ಮಂದಿರಿದ್ದರು, ಸೂರಪ್ಪನಿದ್ದ. ಮಾರುತೇಶ್ ಇದ್ದ. ಇಪ್ಪತ್ತೆರಡರ ಗಟ್ಟಿಮುಟ್ಟಾದ ಹುಡುಗ, ಅಪ್ಪ ಇರಲಿಲ್ಲ, ಮಿಲ್ಲಿಗೆ ಸೇರಿಸಿದ್ದು ಜಂಪಣ್ಣ. ಅವನು ಜಂಪಣ್ಣನನ್ನು ಮಾಮ ಅನ್ನುತ್ತಿದ್ದ. ಬೀದಿಯಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಏಯ್, ಮೂಟೆ’ ಅಂದರೆ ತಿರುಗುತ್ತಿದ್ದ. ಆ ವಾರ ಮಹಡಿಯ ಮೇಲಿನ ಮನೆಗಳಿಂದ ಉಪ್ಪಿಟ್ಟಿನ ತಟ್ಟೆ ಇಳಿದುಬಂತು. ಹೆಂಗಸರು ಬಾಗಿಲಿಗೆ ಬಂದು, “ಮಾರುತೇಶಣ್ಣ, ಉಂಡ್ಯಾ?” ಎಂದು ಕೇಳಿದರು. ಅವನು ಅಂಗಿಯನ್ನು ಒಗೆದು ಇಸ್ತ್ರಿ ಮಾಡಿಸಿಕೊಂಡು ಕಾವಲಿಗೆ ಬರತೊಡಗಿದ. ಸೂರಪ್ಪ ನಕ್ಕಿದ್ದಕ್ಕೆ, “ನೋಡೋರು ಇದ್ದಾರೆ ಕಣಣ್ಣ” ಅಂದಿದ್ದ.

ಒಂದು ಮಧ್ಯಾಹ್ನ ಗುಂಪು ಬಂದೇ ಬಂತು. ಯಾವ ಕಡೆಯವರೆಂದು ಕೇಳುವ ಹೊತ್ತಾಗಿರಲಿಲ್ಲ. ಮುಂದಿದ್ದವನ ಕೈಯಲ್ಲಿ ಪೆಟ್ರೋಲ್ ತುಂಬಿದ ಬಾಟಲಿ, ಅದರ ಬಾಯಿಗೆ ಬಟ್ಟೆ ತುರುಕಿತ್ತು. ಅವನು ಕಡ್ಡಿ ಗೀರಿದ.

“ಹೊಡೀಲೇ ಅವನ್ನ!” ಜಂಪಣ್ಣ ಕೂಗಿದ.

ಮಾರುತೇಶ್ ಹೊಡೆದ. ಕೋಲು ಮಂಡಿಗೆ ಬಿತ್ತು. ಬಾಟಲಿ ಮಣ್ಣಿಗೆ ಬಿದ್ದು ಉರುಳಿತು. ಗುಂಪಿನಿಂದ ಕಲ್ಲುಗಳು ಬಂದವು, ಒಂದು ಮಾರುತೇಶನ ಎಡಗಣ್ಣಿಗೆ. ಅವನು ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತಿದ್ದ, ಹಿಂದೆ ಸರಿಯಲಿಲ್ಲ. ಗುಂಪು ಸರಿಯಿತು.

ಆಮೇಲೆ ಶಾಂತಿ ಸಭೆಯಾಯಿತು. ಇನ್ನು ಬೀದಿಯಲ್ಲಿ ಕೋಲು ಹಿಡಿದು ಯಾರೂ ನಿಲ್ಲಕೂಡದು ಎಂದು ಪೊಲೀಸರು ಹೇಳಿದರು. ಮರುದಿನ ಸೆಟ್ಟರ ಗೋದಾಮಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ಮುಂದೆ ಒಂದೊಂದು ಶೇಂಗಾ ಎಣ್ಣೆಯ ಡಬ್ಬ. ಜಂಪಣ್ಣನೇ ಹೇಳಬೇಕಾಯಿತು.

“ಇವತ್ತಿಂದ ಕಾವಲು ಇಲ್ಲ. ಡಬ್ಬ ತಗಂಡು ಮನೇಗೆ ಹೋಗ್ರಿ. ನಾಳೆ ಎಂದಿನಂಗೆ ಲೋಡಿಂಗ್.”

“ನಾಳೆ ಮತ್ತೆ ಬಂದ್ರೆ?” ಮಾರುತೇಶ್ ಕೇಳಿದ. ಕಣ್ಣಿಗೆ ಪಟ್ಟಿ ಕಟ್ಟಿತ್ತು.

“ಪೊಲೀಸ್ನೋರು ಅದಾರೆ.”

“ಮೊನ್ನೆ ಇರ್ಲಿಲ್ವಲ್ಲ.”

ಜಂಪಣ್ಣ ಡಬ್ಬದ ಕಡೆ ಕೈ ತೋರಿಸಿದ. ಮಾರುತೇಶ್ ಡಬ್ಬವನ್ನು ಮುಟ್ಟದೆ ನಿಂತಿದ್ದ. “ನಾವು ಎಣ್ಣೆಗೆ ನಿಂತಿದ್ವಾ ಮಾಮ?”

“ಕೊಟ್ಟಾಗ ಈಸ್ಕಬೇಕು ಕಣಲೇ. ಬ್ಯಾಡ ಅಂದ್ರೆ ದೊಡ್ಡೋರಿಗೆ ಬ್ಯಾಸ್ರ ಆಗ್ತೈತೆ,” ಎಂದು ಜಂಪಣ್ಣ ಅವನ ಕೈಗೆ ಡಬ್ಬ ಎತ್ತಿಕೊಟ್ಟ. “ಕಣ್ಣು ಸೆಟ್ರು ಡಾಕ್ಟ್ರಿಗೆ ತೋರಿಸ್ತಾರೆ. ಮಾತಾಡೀನಿ.”

ಸಂಘದ ಗುಮಾಸ್ತ ಮೊಬೈಲಿನಲ್ಲಿ ಫೋಟೊ ತೆಗೆದ. ಎಲ್ಲರೂ ಡಬ್ಬ ಎದೆಗೆ ಹಿಡಿದು ನಿಂತರು. ಸೂರಪ್ಪ ಹಲ್ಲು ಕಿರಿದಿದ್ದ. ಕೋಲುಗಳನ್ನು ಗೋದಾಮಿನ ಮೂಲೆಗೆ ಹಾಕಿ ಒಬ್ಬೊಬ್ಬರೇ ಹೊರಟುಹೋದರು. ಸಂಜೆ ಮಾರುತೇಶ್ ಬೀದಿಯಲ್ಲಿ ಹೋಗುವಾಗ ಮಹಡಿಯಿಂದ ಯಾರೂ ಮಾತಾಡಿಸಲಿಲ್ಲ.

*

ತಳಕು ಊರು ದಾಟುವಾಗ ಬಿಸಿಲು ಏರಿತ್ತು. ಟೆಂಪೊದ ಹಿಂದೆ ಎರಡು ಆಟೊಗಳು, ಅವುಗಳ ಹಿಂದೆ ದೂರದಲ್ಲಿ ಒಂದು ಬೈಕು. ಮೊಳಕಾಲ್ಮೂರಿಗೆ ಮೊದಲು ಹಾನಗಲ್ಲಿನ ಹತ್ತಿರ ಚಾಲಕ ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದ. ಬೈಕು ಕೂಡ ನಿಂತಿತು. ಖಾಕಿ ತೊಟ್ಟ ಯುವಕನೊಬ್ಬ ಇಳಿದು ಹೆಲ್ಮೆಟ್ ತೆಗೆದು ಟೆಂಪೊದ ಹತ್ತಿರ ಬಂದ.

“ಅಮ್ಮ, ನನ್ನ ಹೆಸರು ಕಿರಣ್‌ಕುಮಾರ್ ಅಂತ. ಸಾವಿನಲ್ಲಿ ತೊಂದ್ರೆ ಕೊಡೋಕೆ ಬಂದಿಲ್ಲ. ಮಾರುತೇಶ್ ಮೇಲೆ ವಾರಂಟ್ ಐತೆ. ಅವನು ಮಣ್ಣಿಗೆ ಬರ್ತಾನೆ ಅಂತ ಹೇಳಿದ್ರು.”

“ಅವ್ನು ಯಾಕೆ ಬರ್ತಾನೆ?” ಸರಿತಾ ತಟ್ಟನೆ ಕೇಳಿದಳು. “ಎಂಟು ವರ್ಷ ಅಪ್ಪನ ಜೊತೆ ಒಂದು ಮಾತಾಡ್ಲಿಲ್ಲ ಅವ್ನು. ಬಂದ್ರೆ ಹಿಡ್ಕೊಂಡು ಹೋಗಿ ಸಾರ್. ಅವ್ನ ಕೋರ್ಟಿನ ಮೆಟ್ಲು ಹತ್ತಿ ಹತ್ತೇ ನಮ್ಮಪ್ಪ ಎದೆ ಒಡ್ಕಂಡಿದ್ದು.”

ಪೇದೆ ತಲೆ ತಗ್ಗಿಸಿ ಬೈಕಿನ ಕಡೆಗೆ ಹೋದ. ಟೆಂಪೊ ಹೊರಟ ಮೇಲೆ ಸೂರಪ್ಪ ಸರಿತಾಳ ಕಡೆ ಸರಿದು ಕೂತ.

“ಹೋದ ವಾರ ನಿಮ್ಮಪ್ಪನ್ನ ಆಸ್ಪತ್ರೆಗೆ ಹಾಕಿದ್ಯಾರು ಗೊತ್ತೇನವ್ವ?” ಎಂದ.

“ಯಾರೋ ಆಟೊದೋರು. ನಾನು ಹೋದಾಗ ಯಾರೂ ಇರ್ಲಿಲ್ಲ.”

“ಮಾರುತೇಶ.”

ಸರಿತಾ ತಿರುಗಿದಳು.

“ಅವತ್ತು ಜಂಪಣ್ಣಂದೇ ಸಾಕ್ಷಿ ಇತ್ತು. ‘ಕಾವಲಿಗೆ ನಿಲ್ಸಿದ್ದೂ ನಾನು, ಹೊಡಿ ಅಂದಿದ್ದೂ ನಾನು’ ಅಂತ ಹೇಳಾಕೆ ಹೋಗಿದ್ದ. ಒಳಗೆ ಕರಿಯೋಕೆ ಮುಂಚೆ ವರಾಂಡದಾಗೆ ಕುಸಿದುಬಿದ್ದ. ಇವ್ನು ಎತ್ತಿ ಹೆಗಲ ಮ್ಯಾಲೆ ಹಾಕ್ಕಂಡು ಗೇಟಿಗೆ ಓಡಿಬಂದ. ಅಷ್ಟೊತ್ತಿಗೆ ಒಳಗೆ ಇವ್ನ ಹೆಸ್ರು ಕೂಗ್ಯಾರೆ. ಇಲ್ಲ ಅಂತ ವಾರಂಟ್ ಆತು.”

“ನಿಂಗೆ ಹೆಂಗೆ ಗೊತ್ತು ಚಿಕ್ಕಪ್ಪ?”

ಸೂರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಗೇಟಿನ ಹೊರಗೆ ಟೀ ಅಂಗ್ಡೀಲಿದ್ದೆ. ಜಂಪಣ್ಣ ನನ್ನೂ ಸಾಕ್ಷಿ ಹೇಳು ಬಾ ಅಂತ ಕರ್ಕಂಡು ಬಂದಿದ್ದ. ಗೇಟಿನವರೆಗೂ ಬಂದೆ.”

ಅವನು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ಸೆಟ್ಟರ ಮಿಲ್ಲಿನ ಅನ್ನ ಉಣ್ಣುವವನು ಗೇಟಿನಾಚೆ ಯಾಕೆ ನಿಂತನೆಂದು ತಾಯಿ ಮಗಳಿಬ್ಬರೂ ಕೇಳಬೇಕಾಗಿರಲಿಲ್ಲ. ಕೆಂಚಕ್ಕ ಗಂಡನ ಮುಖದ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು.

“ಆ ಎಣ್ಣೆ ಡಬ್ಬ ತಂದು ಮೂಲೇಲಿಟ್ಟು, ಮುಟ್ಟಬ್ಯಾಡ ಅಂದಿದ್ದ ಈಯಪ್ಪ,” ಎಂದಳು, ಯಾರಿಗೆ ಹೇಳಿದಳೋ. “ಮನೇಗೆ ಎಣ್ಣೆ ಇರ್ಲಿಲ್ಲ. ಒಂದಿನ ತೂತು ಹೊಡ್ದು ಹಪ್ಪಳ ಕರೆದೆ. ನೋಡ್ದ. ಉಂಡ. ಏನೂ ಅನ್ಲಿಲ್ಲ.”

*

ಆ ಗಲಾಟೆಯ ನಂತರ ಮಾರುತೇಶನನ್ನು ಪೊಲೀಸರು ಹಿಡಿದದ್ದಲ್ಲ. ಜಂಪಣ್ಣನೇ ಕರೆದುಕೊಂಡು ಹೋಗಿ ಒಪ್ಪಿಸಿದ್ದು.

ಮಂಡಿ ಮುರಿದವನು ದೂರು ಕೊಟ್ಟಿದ್ದ. ಹೊಡೆದವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದಾನೆ ಎಂದು ಊರಿಗೆಲ್ಲ ಗೊತ್ತಿತ್ತು. ಮಾರುತೇಶ್ ಆಂಧ್ರದ ಕಡೆಯ ನೆಂಟರ ಮನೆಗೆ ಹೋಗಿಬಿಡುತ್ತೇನೆಂದ. ಸೆಟ್ಟರು ಜಂಪಣ್ಣನಿಗೆ ಹೇಳಿದರು: “ಓಡಿಹೋದ್ರೆ ತಪ್ಪು ಮಾಡಿದಂಗೆ. ಬೆಳಿಗ್ಗೆ ಕರ್ಕೊಂಡು ಬಾ. ಸಂಘದೋರು ನಾವೆಲ್ಲ ಹೋಗಿ ಹೇಳ್ತೀವಿ. ಸಂಜೆಗೆ ಮನೇಲಿರ್ತಾನೆ.”

ಜಂಪಣ್ಣ ಆ ಮಾತನ್ನು ಹಾಗೆಯೇ ಹೊತ್ತು ತಂದು ಹುಡುಗನ ಮುಂದಿಟ್ಟ. ಠಾಣೆಯ ಮೆಟ್ಟಿಲಲ್ಲಿ ಮಾರುತೇಶ್ ಒಂದು ಕ್ಷಣ ನಿಂತ. “ಸಂಜೆ ಬಿಡ್ತಾರಾ ಮಾಮ?”

“ಬಿಡ್ತಾರೆ. ನಾನು ಇಲ್ಲೇ ಕೂತಿರ್ತೀನಿ.”

ಅವನು ಕೂತೇ ಇದ್ದ. ಸಂಜೆಗೆ ಸಂಘದವರು ಬರಲಿಲ್ಲ. ಮರುದಿನವೂ ಬರಲಿಲ್ಲ. ವಕೀಲರು ಕೇಳಿದಾಗ ಸೆಟ್ಟರು, ಹಮಾಲಿಗಳು ತಾವಾಗಿಯೇ ನಿಂತಿದ್ದರು, ಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ, ಎಣ್ಣೆ ಕೊಟ್ಟದ್ದು ಹಬ್ಬಕ್ಕೆ ಎಂದರಂತೆ. ಆದರೆ ಗುಮಾಸ್ತ ತೆಗೆದ ಫೋಟೊ ಅಷ್ಟರಲ್ಲಿ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿ ದೂರುದಾರನ ಕೈ ಸೇರಿತ್ತು. ಡಬ್ಬ ಹಿಡಿದು ಸಾಲಾಗಿ ನಿಂತವರು ಕೂಲಿ ಪಡೆದ ಗೂಂಡಾಗಳೆಂದು ಅವನ ಕಡೆಯ ವಕೀಲರು ವಾದಿಸಿದರು. ಜಾಮೀನು ಸಿಗುವ ಹೊತ್ತಿಗೆ ಮಾರುತೇಶ್ ತಿಂಗಳುಗಟ್ಟಲೆ ಚಿತ್ರದುರ್ಗದ ಜೈಲಿನಲ್ಲಿದ್ದ. ಅಲ್ಲಿಂದ ಬರುವಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿತ್ತು.

ಜಂಪಣ್ಣ ಮೇಸ್ತ್ರಿ ಕೆಲಸ ಬಿಟ್ಟ. ಊರಾಚೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಈರುಳ್ಳಿ ಚೀಲ, ಹುಣಸೆಹಣ್ಣಿನ ಚೀಲ ಹೊರಲು ಹೋದ. ಆ ವಯಸ್ಸಿನಲ್ಲಿ, ಹುಡುಗರ ಸಾಲಿನಲ್ಲಿ ಕೊನೆಗೆ ನಿಂತು. ಕೇಸಿನ ತಾರೀಕು ಬಂದಾಗ ಮಾತ್ರ ಕೆಲಸಕ್ಕೆ ಹೋಗುತ್ತಿರಲಿಲ್ಲ. ಬಿಳಿ ಅಂಗಿ ತೊಟ್ಟು ಕೋರ್ಟಿಗೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಮಾರುತೇಶ್ ಆಚೆ ಗೋಡೆಯ ಹತ್ತಿರ ನಿಲ್ಲುತ್ತಿದ್ದ. ಇವನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದ. ಹೆಸರು ಕೂಗಿ, ಮುಂದಿನ ತಾರೀಕು ಕೊಟ್ಟು ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಗೇಟಿನಿಂದ ಹೊರಡುತ್ತಿದ್ದರು.

“ಅವ್ನು ಮಾತಾಡ್ಸಲ್ಲ, ಜಡ್ಜು ನಿನ್ನ ಕರ್ಯಲ್ಲ, ಹೋಗಿ ಏನು ಮಾಡ್ತೀಯಪ್ಪ?” ಎಂದು ಸರಿತಾ ಒಮ್ಮೆ ರೇಗಿದ್ದಳು.

“ಕೂತಿರ್ತೀನಿ ಅಂದಿದ್ದೆ,” ಎಂದಿದ್ದ ಜಂಪಣ್ಣ.

*

ಯರ್ರಗುಂಡ್ಲಹಟ್ಟಿ ಮೊಳಕಾಲ್ಮೂರಿನಿಂದ ಮುಂದೆ, ಬಂಡೆಗಳ ನಡುವೆ ಇರುವ ಸಣ್ಣ ಹಟ್ಟಿ. ಜಂಪಣ್ಣ ಹುಟ್ಟಿದ ಊರು. ಅವನ ಅಕ್ಕ ಮುದ್ದಕ್ಕ ಹೊಲದ ಬದುವಿನವರೆಗೂ ಬಂದು ನಿಂತಿದ್ದಳು. ತಮ್ಮನ ಮುಖ ನೋಡಿ, ಎದೆ ಬಡಿದುಕೊಂಡು, ಕೆಂಚಕ್ಕನನ್ನು ಅಪ್ಪಿ ಅತ್ತಳು. ಅಳು ಒಂದಿಷ್ಟು ಇಳಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು:

“ಗುಣಿ ತೋಡಾಕೆ ಜನ ಎಲ್ಲಿಂದ ತರ್ಲಿ ಅಂತ ಚಿಂತೆ ಆಗಿತ್ತು. ಬೆಳಕು ಹರಿದು ಎದ್ದು ನೋಡ್ತೀನಿ, ಯಾರೋ ಅಬ್ಬಾಯಿ ಆಗ್ಲೇ ತೋಡ್ತಾವ್ನೆ. ‘ಎವರು ನಾಯನಾ ನುವ್ವು, ಯಾರಪ್ಪ ನೀನು’ ಅಂದೆ. ಜಂಪಣ್ಣನ ಕಡೇರು ಅಂದ. ಗಂಜಿ ಕೊಟ್ಟೆ, ಕುಡ್ದ. ಕೆಳಗೆ ಬಂಡೆ ಸಿಕ್ಕೈತೆ, ಒಬ್ನೇ ಹಾರೆ ಹಾಕಿ ಮೀಟಿದ.”

ಸರಿತಾ ಗುಣಿಯ ಹತ್ತಿರ ಹೋದಳು. ಎದೆಯುದ್ದದ ಗುಣಿಯಲ್ಲಿ ಮಾರುತೇಶ್ ನಿಂತಿದ್ದ. ಕೆಂಪು ಮಣ್ಣು ಮೈಗೆಲ್ಲ ಮೆತ್ತಿತ್ತು. ಅಂಗೈ ಎರಡೂ ಸುಲಿದಿದ್ದವು. ಅವನು ಒಂದೇ ಕಣ್ಣಿನಿಂದ ಅವಳನ್ನು ನೋಡಿದ, ಆಮೇಲೆ ಅವಳ ಹಿಂದೆ ನಿಂತಿದ್ದ ಖಾಕಿ ಬಟ್ಟೆಯನ್ನು. ಹಾರೆಯನ್ನು ಮೇಲೆ ಇಟ್ಟ.

“ಓಡಲ್ಲ ಸಾರ್,” ಅಂದ. “ಮಣ್ಣಾಗ್ಲಿ.”

ಕಿರಣ್‌ಕುಮಾರ್ ಗುಣಿಯ ಅಂಚಿನಲ್ಲಿ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ನಿಂತ.

ಹಟ್ಟಿಯ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗಂಡುಮಕ್ಕಳಿಲ್ಲ, ಗುಣಿಗೆ ಇಳಿದು ತಲೆಯ ಕಡೆ ಹಿಡಿಯುವವರು ಯಾರು, ಈ ಹುಡುಗ ಯಾರ ಪೈಕಿ, ಇವನು ಹಿಡಿಯಬಹುದೇ ಎಂಬ ಮಾತು. ಕೆಂಚಕ್ಕ ಬಂದು ಗುಣಿಯ ಅಂಚಿನಲ್ಲಿ ಕೂತಳು.

“ಆಟೊದಾಗೆ ಇವ್ರು ಏನಾರ ಅಂದ್ರೇನಪ್ಪ?” ಎಂದು ಕೇಳಿದಳು.

ಮಾರುತೇಶ್ ಕೈಯ ಮಣ್ಣು ಕೊಡವಿಕೊಂಡ. “‘ವಾಪಸ್ ಹೋಗಲೇ, ಹೆಸ್ರು ಕೂಗ್ತಾರೆ’ ಅಂದ ಅತ್ತೆ. ಅದೇ ಅಂತಿದ್ದ.”

“ನೀನೇನಂದೆ?”

“ಸುಮ್ನಿರು ಮಾಮ ಅಂದೆ.”

ಅವನು ಬಗ್ಗಿ ಗುಣಿಯ ತಳದ ಮಣ್ಣನ್ನು ಕೈಯಿಂದ ಸಮ ಮಾಡತೊಡಗಿದ. ಕೆಂಚಕ್ಕ ಎದ್ದು ಹಿರಿಯರ ಕಡೆ ತಿರುಗಿದಳು. “ಇವ್ನೇ ಹಿಡೀಲಿ,” ಅಂದಳು. ಹಿರಿಯರು ಪಕ್ಕಕ್ಕೆ ಸರಿದರು. ಕಾಲಿನ ಕಡೆಗೆ ಸೂರಪ್ಪ ತಾನಾಗಿಯೇ ಇಳಿದ.

ದೇಹವನ್ನು ಮೆಲ್ಲಗೆ ಇಳಿಸಿದರು. ಮಾರುತೇಶ್ ತೋಳು ಚಾಚಿ ತಲೆ, ಹೆಗಲುಗಳನ್ನು ಎದೆಗೆ ಆನಿಸಿಕೊಂಡು ಮಲಗಿಸಿದ. ಬಂಡೆಯ ಒಂದು ಮೊನೆ ಬೆನ್ನಿಗೆ ಒತ್ತುವಂತಿತ್ತು. ಅಲ್ಲಿಗೆ ಒಂದಿಷ್ಟು ಮೆತ್ತನೆಯ ಮಣ್ಣು ತುಂಬಿ ಸರಿಮಾಡಿದ. ಮೇಲಿನಿಂದ ಉಪ್ಪು, ವಿಭೂತಿ ಕೊಟ್ಟರು, ಹಾಕಿದ. ಸೆಟ್ಟರ ಹಾರವನ್ನು ಏನು ಮಾಡುವುದೆಂದು ಯಾರೋ ಕೇಳಿದರು. “ಅದನ್ನೂ ಹಾಕ್ರಿ. ಹೂವು ಏನು ಮಾಡೈತೆ,” ಅಂದಳು ಕೆಂಚಕ್ಕ.

ಎದುರುಬದುರು ನಿಂತಿದ್ದ ಇಬ್ಬರಲ್ಲಿ ಸೂರಪ್ಪ ತಲೆಯೆತ್ತಲಿಲ್ಲ. ಬಿ‍ಳಿ ಬಟ್ಟೆಯ ಅಂಚನ್ನು ಜಂಪಣ್ಣನ ಪಾದದ ಕೆಳಗೆ ಮಡಚುತ್ತ ಹೇಳಿದ:

“ಬರೋ ತಾರೀಕಿಗೆ ನಾನು ಬರ್ತೀನಿ ಕಣಲೇ. ಒಳಗೆ ಬರ್ತೀನಿ.”

ಆಮೇಲೆ ಸೂರಪ್ಪ ಕತ್ತೆತ್ತಿ ಪೇದೆಗೆ ಹೇಳಿದ: “ಸಾರ್, ಬರ್ಕೊಳ್ಳಿ. ಸೂರಪ್ಪ ಅಂತ. ನಾನೂ ನಿಂತಿದ್ದೆ ಅಲ್ಲಿ. ನಮ್ಮನ್ನ ಸೆಟ್ರು ನಿಲ್ಸಿದ್ರು.”

“ನನಗೆ ಹೇಳಿದ್ರೆ ಆಗಲ್ಲ ಯಜಮಾನ್ರೆ,” ಎಂದ ಕಿರಣ್‌ಕುಮಾರ್ ಮೆತ್ತಗೆ. “ಲಾಯರ್‌ಗೆ ಹೇಳಿ.”

“ಹೇಳ್ತೀನಿ,” ಅಂದ ಸೂರಪ್ಪ. ಮೇಲೆ ಹತ್ತಲು ಹೋಗಿ ಕಾಲು ಜಾರಿತು. ಹಟ್ಟಿಯ ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡರು. ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆದು ನೋಡಿ, ಬಂದ್ ಮಾಡಿ ಮತ್ತೆ ಜೇಬಿಗೆ ಹಾಕಿದ.

ಗುಣಿಯಲ್ಲಿ ಮಾರುತೇಶ್ ಒಬ್ಬನೇ ಉಳಿದ. ಕೊನೆಯ ಸಲ ಬಗ್ಗಿ ಜಂಪಣ್ಣನ ಮುಖದ ಮೇಲೆ ಬಟ್ಟೆ ಎಳೆದ. ಎದ್ದು ನಿಂತಾಗ ಮೇಲಿನಿಂದ ಒಂದು ಕೈ ಚಾಚಿತ್ತು. ಕಿರಣ್‌ಕುಮಾರನ ಕೈ. ಮಾರುತೇಶ್ ಅದನ್ನು ಹಿಡಿದುಕೊಂಡು, ಗೋಡೆಗೆ ಕಾಲು ಕೊಟ್ಟು ಮೇಲೆ ಬಂದ.

ಪೇದೆ ಕೈ ಬಿಡಲಿಲ್ಲ.

ಹಿರಿಯರು ಮಣ್ಣು ಕೊಡಲು ಶುರುಮಾಡಿದರು. ಕೆಂಚಕ್ಕ ಹಾಕಿದಳು, ಮುದ್ದಕ್ಕ ಹಾಕಿದಳು. ಮಾರುತೇಶ್ ಎಡಗೈಯಲ್ಲಿ ಮಣ್ಣು ಎತ್ತಿಕೊಳ್ಳಲು ಬಗ್ಗಿದ.

“ಎಡಗೈಲಿ ಬ್ಯಾಡ,” ಅಂದಳು ಸರಿತಾ. ಅಷ್ಟು ಹೊತ್ತಿನಿಂದ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಪೇದೆಯ ಕಡೆ ನೋಡಿದಳು. “ಬಲಗೈ ಬಿಡಿ ಸಾರ್. ಮಣ್ಣು ಕೊಡ್ಲಿ.”

ಕಿರಣ್‌ಕುಮಾರ್ ಒಂದು ಗಳಿಗೆ ತಡೆದ. ಬಲಗೈ ಬಿಟ್ಟು ಎಡಗೈಯ ಮಣಿಕಟ್ಟು ಹಿಡಿದುಕೊಂಡ. ಮಾರುತೇಶ್ ಬಗ್ಗಿದಾಗ ಅವನೂ ಬಗ್ಗಬೇಕಾಯಿತು. ಮೂರು ಹಿಡಿ ಮಣ್ಣು ಬಿತ್ತು. ಆಮೇಲೆ ಸಲಿಕೆಗಳು ಬಂದವು.

ಗುಣಿ ಮುಚ್ಚಿ ಮೇಲೆ ಕಲ್ಲು ಜೋಡಿಸಿ ಮುಗಿದಾಗ, ಸರಿತಾ ಹೊಲದ ಬೋರಿನಿಂದ ಕೊಡ ತುಂಬಿಸಿ ತಂದಳು. ಮಣ್ಣು ಕೊಟ್ಟವರು ಒಬ್ಬೊಬ್ಬರಾಗಿ ಬಂದು ಕೈಯೊಡ್ಡಿದರು. ಅವಳು ಬಗ್ಗಿಸಿ ಬಗ್ಗಿಸಿ ನೀರು ಹೊಯ್ದಳು. ಕೊನೆಗೆ ಮಾರುತೇಶ್ ಬಂದ. ಬಲಗೈ ಒಡ್ಡಿದ, ಸುಲಿದ ಅಂಗೈಗೆ ನೀರು ತಾಗಿ ಹಲ್ಲು ಕಚ್ಚಿದ. ಎಡಗೈ ಒಡ್ಡಲಿಲ್ಲ, ಅದು ಇನ್ನೊಬ್ಬರ ಹಿಡಿತದಲ್ಲಿತ್ತು. ಸರಿತಾ ಕೊಡವನ್ನು ಪಕ್ಕಕ್ಕೆ ಸರಿಸಿ ಆ ಎರಡು ಕೈಗಳ ಮೇಲೆ ಹಿಡಿದಳು. ಕೆಂಪು ನೀರು ಖಾಕಿ ತೋಳಿಗೆ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು. ಪೇದೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಕೊಡ ಬರಿದಾಗುವವರೆಗೂ ಸುರಿದಳು.